4294967297: ಹತ್ತು ಅಂಕಿಗಳ ಒಂದು ಸಂಖ್ಯೆಯ ಒಳರಚನೆ

4294967297 ಎಂಬ ಸಂಖ್ಯೆಯನ್ನು ಬಾಯಿಬಿಟ್ಟು ಓದಿದರೆ 429 ಕೋಟಿ 49 ಲಕ್ಷ 67 ಸಾವಿರದ 297 ಎಂದಾಗುತ್ತದೆ. ಹತ್ತು ಅಂಕಿಗಳು, ಅವುಗಳ ಮೊತ್ತ 59, ಕೊನೆಯ ಅಂಕಿ 7. ಇಷ್ಟರಿಂದಲೇ ಈ ಸಂಖ್ಯೆ 2, 3 ಮತ್ತು 5ರಿಂದ ಭಾಗವಾಗದು ಎಂದು ಹೇಳಬಹುದು. ಆದರೆ ಅಂಕಿಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಇದಕ್ಕಿಂತ ಹೆಚ್ಚಿನದೇನೂ ಸುಲಭವಾಗಿ ಹೊಳೆಯುವುದಿಲ್ಲ. ಹತ್ತರ ಲೆಕ್ಕದಲ್ಲಿ ಬರೆಯುವುದು ನಾವು ಮಾಡಿಕೊಂಡ ಏರ್ಪಾಡು, ಅದು ಸಂಖ್ಯೆಯ ಸ್ವಭಾವವಲ್ಲ. ಇದೇ ಸಂಖ್ಯೆಯನ್ನು 2³² + 1 ಎಂದು ಬರೆದ ಕೂಡಲೇ ಚಿತ್ರ ಬೇರೆಯಾಗುತ್ತದೆ. ದ್ವಿಮಾನ ಪದ್ಧತಿಯಲ್ಲಿ ಇದು ಮೊದಲಿಗೆ ಒಂದು 1, ನಡುವೆ 31 ಸೊನ್ನೆಗಳು, ಕೊನೆಗೆ ಮತ್ತೊಂದು 1 ಇರುವ, ಹಿಂದಿನಿಂದ ಓದಿದರೂ ಬದಲಾಗದ 33 ಅಂಕಿಗಳ ಸಾಲು. ಇದರ ಮುಖ್ಯ ಗುಣಗಳೆಲ್ಲವೂ ಈ ರಚನೆಯಿಂದಲೇ ಹುಟ್ಟುತ್ತವೆ.

2ರ ಯಾವುದೋ ಒಂದು ಘಾತಕ್ಕೆ 1 ಕೂಡಿಸಿದಾಗ ಅವಿಭಾಜ್ಯ ಸಂಖ್ಯೆ ಯಾವಾಗ ಸಿಗುತ್ತದೆ ಎಂಬುದು ಹಳೆಯ ಪ್ರಶ್ನೆ. ಘಾತಾಂಕದಲ್ಲಿ 1ಕ್ಕಿಂತ ದೊಡ್ಡದಾದ ಬೆಸ ಅಪವರ್ತನ ಒಂದಾದರೂ ಇದ್ದರೆ ಸಿಗುವುದಿಲ್ಲ. ಉದಾಹರಣೆಗೆ 2¹² + 1 ಎಂಬುದು 16ರ ಘನಕ್ಕೆ 1 ಕೂಡಿಸಿದ ಮೊತ್ತ. ಎರಡು ಘನಗಳ ಮೊತ್ತವನ್ನು ಬಿಡಿಸುವ ಶಾಲೆಯ ಸೂತ್ರದಂತೆ ಅದು 16 + 1, ಅಂದರೆ 17ರಿಂದ ಭಾಗವಾಗಲೇಬೇಕು. ಆದ್ದರಿಂದ ಘಾತಾಂಕವೂ 2ರ ಘಾತವೇ ಆಗಿರಬೇಕು: 1, 2, 4, 8, 16, 32 ಹೀಗೆ. ಇವುಗಳಿಂದ ಬರುವ ಸಂಖ್ಯೆಗಳು ಕ್ರಮವಾಗಿ 3, 5, 17, 257, 65537 ಮತ್ತು ನಮ್ಮ 4294967297. ಇವನ್ನು ಫರ್ಮಾ ಸಂಖ್ಯೆಗಳೆನ್ನುತ್ತಾರೆ. ಎಣಿಕೆಯನ್ನು ಸೊನ್ನೆಯಿಂದ ಆರಂಭಿಸುವ ವಾಡಿಕೆ ಇರುವುದರಿಂದ 3 ಸೊನ್ನೆಯನೆಯದು, ನಮ್ಮದು ಐದನೆಯದು.

ಫ್ರಾನ್ಸಿನ ಪಿಯರ್ ದ ಫರ್ಮಾ 1640ರಲ್ಲಿ, ಈ ಸಾಲಿನ ಸಂಖ್ಯೆಗಳೆಲ್ಲವೂ ಅವಿಭಾಜ್ಯ ಎಂಬ ತನ್ನ ನಂಬಿಕೆಯನ್ನು ಪತ್ರದಲ್ಲಿ ಬರೆದ. ಮೊದಲ ಐದು ನಿಜವಾಗಿಯೂ ಅವಿಭಾಜ್ಯಗಳೇ. ಆರನೆಯ ಸ್ಥಾನದಲ್ಲಿರುವ 4294967297ರ ಹತ್ತಿರ ಬಂದಾಗ ನಂಬಿಕೆ ಮುರಿಯಿತು, ಆದರೆ ಮುರಿಯಲು ಸುಮಾರು ತೊಂಬತ್ತು ವರ್ಷ ಹಿಡಿಯಿತು. 1732ರಲ್ಲಿ ಲಿಯೊನಾರ್ಡ್ ಆಯ್ಲರ್ ಈ ಸಂಖ್ಯೆ 641ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದು ತೋರಿಸಿದ:

4294967297 = 641 × 6700417

641 ಏನೂ ದೂರದ ಸಂಖ್ಯೆಯಲ್ಲ. ಅವಿಭಾಜ್ಯಗಳನ್ನು 2, 3, 5, 7 ಎಂದು ಎಣಿಸುತ್ತ ಹೋದರೆ ಅದು 116ನೆಯದು. ಯಾವ ಜಾಣತನವನ್ನೂ ಬಳಸದೆ, ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತ ಕುಳಿತವನಿಗೂ 116ನೆಯ ಭಾಗಾಕಾರದಲ್ಲಿ ಉತ್ತರ ಸಿಗುತ್ತಿತ್ತು. ಆದರೆ ಹಾಗೆ ಹೊರಟವನಿಗೆ ತಾನು ಎಲ್ಲಿ ನಿಲ್ಲಬೇಕಾದೀತು ಎಂಬುದು ಮೊದಲೇ ತಿಳಿದಿರುವುದಿಲ್ಲ. ಸಂಖ್ಯೆಯ ವರ್ಗಮೂಲ 65536ಕ್ಕಿಂತ ಕೂದಲೆಳೆಯಷ್ಟು ಹೆಚ್ಚು, ಮತ್ತು 65536ರೊಳಗೆ 6542 ಅವಿಭಾಜ್ಯಗಳಿವೆ. ಅಪವರ್ತನ ಸಿಗದೇ ಹೋದರೆ ಅಷ್ಟೂ ಭಾಗಾಕಾರಗಳನ್ನು ಕೈಯಲ್ಲೇ ಮಾಡಬೇಕಾಗುತ್ತಿತ್ತು.

ಈ ಹೊರೆಯನ್ನು ಇಳಿಸುವ ತರ್ಕವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಒಂದು ಬೆಸ ಅವಿಭಾಜ್ಯ ಸಂಖ್ಯೆಯನ್ನು ತೆಗೆದುಕೊಂಡು 2ರ ಘಾತಗಳನ್ನು ಅದರಿಂದ ಭಾಗಿಸುತ್ತ ಶೇಷಗಳನ್ನು ಬರೆದರೆ ಅವು ಒಂದು ಸುತ್ತಿನಲ್ಲಿ ಮರುಕಳಿಸುತ್ತವೆ. 17ರಿಂದ ಭಾಗಿಸಿದಾಗ ಶೇಷಗಳು 2, 4, 8, 16, 15, 13, 9, 1. ಅಲ್ಲಿಂದ ಮುಂದೆ ಮತ್ತೆ 2. ಸುತ್ತಿನ ಉದ್ದ 8, ಮತ್ತು ಅದು 17ಕ್ಕಿಂತ ಒಂದು ಕಡಿಮೆಯಾದ 16ನ್ನು ಭಾಗಿಸುತ್ತದೆ. ಇದು ಆಕಸ್ಮಿಕವಲ್ಲ: ಯಾವ ಅವಿಭಾಜ್ಯವನ್ನು ತೆಗೆದುಕೊಂಡರೂ ಸುತ್ತಿನ ಉದ್ದ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುತ್ತದೆ ಎಂಬುದು ಫರ್ಮಾನದೇ ಕಿರು ಪ್ರಮೇಯದ ಸಾರ. ಸುತ್ತಿನ ನಟ್ಟನಡುವೆ 16 ಬಂದಿರುವುದನ್ನೂ ಗಮನಿಸಬೇಕು. 17ರ ಲೆಕ್ಕದಲ್ಲಿ, ಅಂದರೆ 17ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನಷ್ಟೇ ನೋಡುವಾಗ, ಅದು −1ಕ್ಕೆ ಸಮ, ಮತ್ತು ಅದರ ವರ್ಗವೇ ಮತ್ತೆ 1.

ಈಗ ಯಾವುದೋ ಒಂದು ಅವಿಭಾಜ್ಯ 2³² + 1ನ್ನು ಭಾಗಿಸುತ್ತದೆ ಎಂದುಕೊಳ್ಳೋಣ. ಆಗ ಅದರ ಲೆಕ್ಕದಲ್ಲಿ 2³² ಎಂಬುದು −1ಕ್ಕೆ ಸಮ. ವರ್ಗ ಮಾಡಿದರೆ 2⁶⁴ ಎಂಬುದು 1ಕ್ಕೆ ಸಮ. ಆದ್ದರಿಂದ ಸುತ್ತಿನ ಉದ್ದ 64ನ್ನು ಭಾಗಿಸಬೇಕು. ಆದರೆ ಅದು 32ನ್ನು ಭಾಗಿಸುವಂತಿಲ್ಲ, ಏಕೆಂದರೆ ಹಾಗಿದ್ದರೆ 2³²ರ ಶೇಷ −1ರ ಬದಲು 1 ಆಗಿರಬೇಕಿತ್ತು. 64ನ್ನು ಭಾಗಿಸಿಯೂ 32ನ್ನು ಭಾಗಿಸದ ಸಂಖ್ಯೆ 64 ಒಂದೇ. ಹೀಗೆ ಸುತ್ತಿನ ಉದ್ದ ಸರಿಯಾಗಿ 64 ಎಂದಾಯಿತು, ಮತ್ತು ನಮ್ಮ ಅವಿಭಾಜ್ಯ 64ರ ಯಾವುದೋ ಒಂದು ಗುಣಕಕ್ಕಿಂತ 1 ಹೆಚ್ಚಾಗಿರಲೇಬೇಕು ಎಂದಾಯಿತು. ಅಂಥ ಅವಿಭಾಜ್ಯಗಳು ಮೊದಲಿನಿಂದ 193, 257, 449, 577, 641. ಐದನೆಯ ಪ್ರಯತ್ನದಲ್ಲೇ ಅಪವರ್ತನ ಕೈಗೆ ಬಂತು.

ಇದನ್ನು ಇನ್ನೂ ಬಿಗಿಗೊಳಿಸಬಹುದು ಎಂದು 1878ರಲ್ಲಿ ಎದುವಾರ್ ಲ್ಯೂಕಾ ಕಂಡುಕೊಂಡ. ಅವನ ವಾದದ ತಿರುಳನ್ನು ನಮ್ಮ ಸಂಖ್ಯೆಯ ಮೇಲೆಯೇ ತೋರಿಸಬಹುದು. 256ನ್ನು 65535ರಿಂದ ಗುಣಿಸಿದರೆ 16776960 ಬರುತ್ತದೆ. ಈ 16776960ರ ವರ್ಗವನ್ನು 4294967297ರಿಂದ ಭಾಗಿಸಿದರೆ ಭಾಗಲಬ್ಧ 65534, ಶೇಷ ಕೇವಲ 2. ಅಂದರೆ ಈ ಸಂಖ್ಯೆಯ ಲೆಕ್ಕದಲ್ಲಿ 2ಕ್ಕೆ ಒಂದು ಪೂರ್ಣಾಂಕ ವರ್ಗಮೂಲವಿದೆ! 2ರ ಸುತ್ತು 64 ಆದ ಮೇಲೆ ಅದರ ವರ್ಗಮೂಲದ ಸುತ್ತು ಅದರ ಇಮ್ಮಡಿ, 128. ಆದ್ದರಿಂದ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ 128ರ ಗುಣಕಕ್ಕಿಂತ 1 ಹೆಚ್ಚಾಗಿರಬೇಕು. ಆ ಸಾಲು 129, 257, 385, 513, 641 ಎಂದು ಸಾಗುತ್ತದೆ. ಇದರಲ್ಲಿ 129 ಮತ್ತು 513 ಮೂರರಿಂದ ಭಾಗವಾಗುತ್ತವೆ, 385 ಐದರಿಂದ. 257 ಸ್ವತಃ ಫರ್ಮಾ ಸಂಖ್ಯೆಯಾದ್ದರಿಂದ, ಮುಂದೆ ನೋಡಲಿರುವ ಕಾರಣಕ್ಕಾಗಿ, ಅದನ್ನೂ ಪರೀಕ್ಷಿಸಬೇಕಾಗಿಲ್ಲ. ಉಳಿಯುವುದು 641 ಮಾತ್ರ. 6542 ಭಾಗಾಕಾರಗಳ ಕೆಲಸ ಒಂದೇ ಭಾಗಾಕಾರಕ್ಕೆ ಇಳಿದಿದೆ.

ಆ ಒಂದು ಭಾಗಾಕಾರವನ್ನೂ ಮಾಡದೆಯೇ 641 ಭಾಗಿಸುತ್ತದೆ ಎಂದು ಸಾಧಿಸುವ ದಾರಿಯೊಂದಿದೆ. ಸಂಖ್ಯಾಸಿದ್ಧಾಂತದ ಪುಟ್ಟ ಸಾಧನೆಗಳಲ್ಲಿ ನನಗೆ ಅತ್ಯಂತ ಅಚ್ಚುಕಟ್ಟಾಗಿ ಕಾಣುವುದು ಇದು. 641ನ್ನು ಎರಡು ಬಗೆಯಲ್ಲಿ ಬರೆಯಬಹುದು:

641 = 5 × 2⁷ + 1
641 = 5⁴ + 2⁴

ಮೊದಲನೆಯ ಸಾಲಿನಂತೆ 5 × 2⁷ ಎಂಬುದು 641ರ ಲೆಕ್ಕದಲ್ಲಿ −1. ಅದನ್ನು ನಾಲ್ಕನೆಯ ಘಾತಕ್ಕೇರಿಸಿದರೆ 5⁴ × 2²⁸ ಎಂಬುದು 1 ಆಗುತ್ತದೆ. ಎರಡನೆಯ ಸಾಲಿನಂತೆ 5⁴ ಎಂಬುದು −2⁴ಕ್ಕೆ ಸಮ. ಅದನ್ನು 5⁴ರ ಜಾಗದಲ್ಲಿಟ್ಟರೆ −2³² ಎಂಬುದು 1ಕ್ಕೆ ಸಮ ಎಂದು ಬರುತ್ತದೆ. ಅಂದರೆ 2³² + 1ರ ಶೇಷ ಸೊನ್ನೆ. ಹತ್ತು ಅಂಕಿಗಳ ಸಂಖ್ಯೆಯನ್ನು ಒಮ್ಮೆಯೂ ಬರೆಯದೆ ಮುಗಿದ ಲೆಕ್ಕ ಇದು. (640ರಲ್ಲಿ 2 ಮತ್ತು 5 ಇವೆರಡೇ ಅವಿಭಾಜ್ಯಗಳಿರುವ 641, ಹತ್ತರ ಘಾತಗಳೊಡನೆಯೂ ಇಂಥದೇ ಆಟ ಆಡುತ್ತದೆ: ಅದು 10¹⁶ + 1ನ್ನು ಭಾಗಿಸುತ್ತದೆ, ಹಾಗಾಗಿ 1ನ್ನು 641ರಿಂದ ಭಾಗಿಸಿದಾಗ ದಶಮಾಂಶಗಳು 32 ಸ್ಥಾನಗಳಿಗೊಮ್ಮೆ ಮರುಕಳಿಸುತ್ತವೆ.)

ಇನ್ನೊಂದು ಅಪವರ್ತನವಾದ 6700417 ಅವಿಭಾಜ್ಯವೇ ಎಂಬ ಪ್ರಶ್ನೆಗೂ ಮೇಲಿನ ತರ್ಕವೇ ಉತ್ತರ ಕೊಡುತ್ತದೆ. ಅದರ ಅಪವರ್ತನಗಳು ಮೂಲ ಸಂಖ್ಯೆಯ ಅಪವರ್ತನಗಳೂ ಆಗಿರುವುದರಿಂದ 128ರ ನಿಯಮ ಅವುಗಳಿಗೂ ಅನ್ವಯಿಸುತ್ತದೆ. 6700417ರ ವರ್ಗಮೂಲ 2589ಕ್ಕಿಂತ ಕಡಿಮೆ. ಆ ಮಿತಿಯೊಳಗೆ ನಿಯಮಕ್ಕೆ ಹೊಂದುವ ಅವಿಭಾಜ್ಯಗಳು 257, 641, 769, 1153 ಮತ್ತು 1409 ಮಾತ್ರ. ಇವುಗಳಿಂದ ಭಾಗಿಸಿದರೆ ಕ್ರಮವಾಗಿ 170, 44, 120, 334, 622 ಶೇಷ ಉಳಿಯುತ್ತವೆ. ಅಲ್ಲಿಗೆ ಅರುವತ್ತೇಳು ಲಕ್ಷ ದಾಟಿದ ಸಂಖ್ಯೆಯೊಂದು ಐದು ಭಾಗಾಕಾರಗಳಲ್ಲಿ ಅವಿಭಾಜ್ಯವೆಂದು ಸಾಬೀತಾಯಿತು.

ಅಪವರ್ತನಗಳು ಗೊತ್ತಾದ ಮೇಲೆ ಪಠ್ಯಪುಸ್ತಕದ ಗುಣಗಳನ್ನು ಹೇಳುವುದು ಸುಲಭ. ಈ ಸಂಖ್ಯೆಗೆ ಭಾಜಕಗಳು ನಾಲ್ಕೇ: 1, 641, 6700417 ಮತ್ತು ಅದೇ ಸಂಖ್ಯೆ. ಅವುಗಳ ಮೊತ್ತ 4301668356. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ಕೇವಲ 6701059. ತನಗಿಂತ ಚಿಕ್ಕದಾದ, ತನ್ನೊಡನೆ 1ರ ಹೊರತು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳು 640 × 6700416, ಅಂದರೆ 4288266240.

ಇವುಗಳಿಗಿಂತ ಸ್ವಾರಸ್ಯಕರವಾದದ್ದು ವರ್ಗಗಳ ವಿಷಯ. 4294967297 ಎಂಬುದು 65536² + 1² ಎಂಬುದು ರಚನೆಯಿಂದಲೇ ಸ್ಪಷ್ಟ. ಒಂದು ಬೆಸ ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವಾದರೆ ಅದು ಒಂದೇ ಒಂದು ಬಗೆಯಲ್ಲಿ ಸಾಧ್ಯ. ಆದ್ದರಿಂದ ಎರಡನೆಯ ಬಗೆ ಸಿಕ್ಕಿತೆಂದರೆ ಸಂಖ್ಯೆ ಅವಿಭಾಜ್ಯವಲ್ಲ ಎಂದೇ ಅರ್ಥ. ಇಲ್ಲಿ ಎರಡನೆಯ ಬಗೆ ಇದೆ:

4294967297 = 65536² + 1² = 62264² + 20449²

ಈ ಎರಡು ಬಗೆಗಳು ಎಲ್ಲಿಂದ ಬಂದವು ಎಂಬುದನ್ನು ಬ್ರಹ್ಮಗುಪ್ತನ ಹೆಸರಿನ ನಿತ್ಯಸಮೀಕರಣ ವಿವರಿಸುತ್ತದೆ. 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಅವನು ಇದನ್ನು ಇನ್ನೂ ವ್ಯಾಪಕವಾದ ರೂಪದಲ್ಲಿ ಕೊಟ್ಟಿದ್ದಾನೆ. ಅದರ ಪ್ರಕಾರ ಎರಡು ವರ್ಗಗಳ ಮೊತ್ತವನ್ನು ಅಂಥದೇ ಇನ್ನೊಂದು ಮೊತ್ತದಿಂದ ಗುಣಿಸಿದರೆ ಬರುವ ಗುಣಲಬ್ಧವೂ ಎರಡು ವರ್ಗಗಳ ಮೊತ್ತವೇ ಆಗಿರುತ್ತದೆ, ಮತ್ತು ಸಾಮಾನ್ಯವಾಗಿ ಎರಡು ಬಗೆಯಲ್ಲಿ. ನಮ್ಮ ಅಪವರ್ತನಗಳನ್ನು ಹೀಗೆ ಬರೆಯಬಹುದು:

641 = 4² + 25²
6700417 = 409² + 2556²

25ನ್ನು 2556ರಿಂದ ಗುಣಿಸಿದರೆ 63900, 4ನ್ನು 409ರಿಂದ ಗುಣಿಸಿದರೆ 1636. ಇವೆರಡರ ಮೊತ್ತ 65536, ವ್ಯತ್ಯಾಸ 62264. ಇನ್ನು ಅಡ್ಡಡ್ಡ ಗುಣಿಸಿದರೆ 25 × 409 = 10225 ಮತ್ತು 4 × 2556 = 10224; ಇವುಗಳ ವ್ಯತ್ಯಾಸ 1, ಮೊತ್ತ 20449. ಮೇಲಿನ ಎರಡೂ ಬಗೆಗಳ ನಾಲ್ಕು ಸಂಖ್ಯೆಗಳು ಇಲ್ಲಿ ಬಂದುಬಿಟ್ಟವು. 10225 ಮತ್ತು 10224 ಒಂದಕ್ಕೊಂದು ಅಂಟಿಕೊಂಡಂತೆ ಬಂದಿರುವುದೇ ಮೂಲ ಸಂಖ್ಯೆಯಲ್ಲಿ ಕಾಣುವ ಆ ಒಂಟಿ 1ರ ಗುಟ್ಟು. 20449 ಎಂಬುದು ತಾನೇ 143ರ ವರ್ಗವಾಗಿರುವುದು ಮಾತ್ರ, ನನಗೆ ಕಂಡಮಟ್ಟಿಗೆ, ಬರೀ ಸೊಗಸಾದ ಕಾಕತಾಳೀಯ.

ಇದೇ ಲೆಕ್ಕವನ್ನು ಹಿಂದುಮುಂದಾಗಿಯೂ ನಡೆಸಬಹುದು. ಅಪವರ್ತನಗಳು ಗೊತ್ತಿಲ್ಲದಿದ್ದರೂ ಎರಡು ಬಗೆಯ ವರ್ಗಮೊತ್ತಗಳು ಕೈಯಲ್ಲಿದ್ದರೆ ಸಾಕು. 65536ರಿಂದ 62264ನ್ನು ಕಳೆದರೆ 3272. 20449ರಿಂದ 1ನ್ನು ಕಳೆದರೆ 20448. ಇವೆರಡರ ಮಹತ್ತಮ ಸಾಮಾನ್ಯ ಅಪವರ್ತನ 8. 8ರಿಂದ ಭಾಗಿಸಿದರೆ ಕ್ರಮವಾಗಿ 409 ಮತ್ತು 2556 ಉಳಿಯುತ್ತವೆ, ಮತ್ತು ಅವುಗಳ ವರ್ಗಗಳ ಮೊತ್ತವೇ 6700417. ಎರಡನೆಯ ವರ್ಗಮೊತ್ತವನ್ನು ಹುಡುಕಿ ತೆಗೆಯುವುದೇ ಇಲ್ಲಿನ ಕಷ್ಟದ ಕೆಲಸ. ಅದು ಸಿಕ್ಕ ಮೇಲೆ ಉಳಿದದ್ದು ಕೆಲವು ಸಾಲುಗಳ ಲೆಕ್ಕ.

ಫರ್ಮಾ ಈ ಸಂಖ್ಯೆಯಲ್ಲಿ ಎಡವಿದ್ದು ಆಶ್ಚರ್ಯವೆನಿಸಲು ಕಾರಣವಿದೆ. ಅದೇ 1640ರಲ್ಲಿ ಅವನು 2³⁷ − 1 ಎಂಬ ಹನ್ನೆರಡು ಅಂಕಿಗಳ ಸಂಖ್ಯೆಗೆ 223 ಎಂಬ ಅಪವರ್ತನವನ್ನು ಇದೇ ಬಗೆಯ ತರ್ಕದಿಂದ ಕಂಡುಹಿಡಿದಿದ್ದ. ಉಪಕರಣ ಅವನ ಕೈಯಲ್ಲೇ ಇತ್ತು. ಆದರೆ ಈ ಸಂಖ್ಯೆಗೆ ಮೋಸಗೊಳಿಸುವ ಒಂದು ಗುಣವೂ ಇದೆ. ಕಿರು ಪ್ರಮೇಯದ ಪ್ರಕಾರ ಸಂಖ್ಯೆಯೊಂದು ಬೆಸ ಅವಿಭಾಜ್ಯವಾಗಿದ್ದರೆ, 2ನ್ನು ಅದಕ್ಕಿಂತ ಒಂದು ಕಡಿಮೆಯ ಘಾತಕ್ಕೇರಿಸಿ ಅದರಿಂದ ಭಾಗಿಸಿದಾಗ ಶೇಷ 1 ಬರಬೇಕು. 4294967297 ಅವಿಭಾಜ್ಯವಲ್ಲದಿದ್ದರೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಇಲ್ಲಿ ಘಾತಾಂಕ 4294967296, ಅಂದರೆ 2³². ಅದು 64ರಿಂದ ಭಾಗವಾಗುತ್ತದೆ, ಮತ್ತು 2⁶⁴ರ ಶೇಷ 1 ಎಂದು ಆಗಲೇ ನೋಡಿದ್ದೇವೆ. ಹಾಗಾಗಿ ಉತ್ತರ 1 ಬರದೆ ಬೇರೆ ದಾರಿಯೇ ಇಲ್ಲ. ಯಾವ ಫರ್ಮಾ ಸಂಖ್ಯೆಯನ್ನು ಈ ಪರೀಕ್ಷೆಗೆ ಒಡ್ಡಿದರೂ, ಅದು ಅವಿಭಾಜ್ಯವಾಗಿರಲಿ ಆಗದಿರಲಿ, ಫಲಿತಾಂಶ ಇದೇ.

2ರ ಬದಲು 3ನ್ನು ಬಳಸಿದರೆ ಮುಖವಾಡ ಕಳಚುತ್ತದೆ. 1877ರಲ್ಲಿ ಫ್ರಾನ್ಸಿನ ಪೆಪಾಂ ಕೊಟ್ಟ ಪರೀಕ್ಷೆಯಂತೆ, 3ನ್ನು ಸತತವಾಗಿ 31 ಬಾರಿ ವರ್ಗಿಸುತ್ತ, ಪ್ರತಿ ಹೆಜ್ಜೆಯಲ್ಲೂ ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಉಳಿಸಿಕೊಳ್ಳಬೇಕು. ಸಂಖ್ಯೆ ಅವಿಭಾಜ್ಯವಾಗಿದ್ದರೆ ಕೊನೆಗೆ ಉಳಿಯುವುದು 4294967296, ಅಂದರೆ −1, ಇಲ್ಲವಾದರೆ ಬೇರೇನೋ. ಇಲ್ಲಿ ಉಳಿಯುವುದು 10324303. ಇನ್ನೊಮ್ಮೆ ವರ್ಗಿಸಿದರೆ ಬರಬೇಕಾಗಿದ್ದ 1ರ ಬದಲು 3029026160 ಬರುತ್ತದೆ. ಕೇವಲ 32 ವರ್ಗಗಳ ಲೆಕ್ಕ ಇದು. ಬೇಸರ ತರಿಸುವಂಥದ್ದಾದರೂ 17ನೆಯ ಶತಮಾನದ ಕೈಲೆಕ್ಕಕ್ಕೆ ಮೀರಿದ್ದೇನೂ ಆಗಿರಲಿಲ್ಲ. ಈ ಪರೀಕ್ಷೆ ಸಂಖ್ಯೆ ಅವಿಭಾಜ್ಯವಲ್ಲ ಎಂದಷ್ಟೇ ಸಾರುತ್ತದೆ. 641ರ ಸುಳಿವನ್ನು ಕೊಡುವುದಿಲ್ಲ.

ಅಪವರ್ತನ ಇಷ್ಟು ಬೇಗ ಸಿಕ್ಕದ್ದು ಈ ಸಂಖ್ಯೆಯ ಮಟ್ಟಿಗಿನ ಅದೃಷ್ಟ. ಮುಂದಿನ ಫರ್ಮಾ ಸಂಖ್ಯೆಯಾದ 2⁶⁴ + 1ರ ಅಪವರ್ತನಗಳು 256ರ ಗುಣಕಕ್ಕಿಂತ 1 ಹೆಚ್ಚಾಗಿರಬೇಕು, ಆದರೆ ಅವುಗಳಲ್ಲಿ ಚಿಕ್ಕದಾದ 274177 ಆ ಸಾಲಿನ 1071ನೆಯ ಸಂಖ್ಯೆ. ಫಾರ್ಚ್ಯುನೆ ಲಾಂದ್ರಿ ಅದನ್ನು 1880ರಲ್ಲಿ ಪ್ರಕಟಿಸಿದ. ಅದರ ನಂತರದ ಸಂಖ್ಯೆ 1970ರವರೆಗೂ, ಅಂದರೆ ಗಣಕಯಂತ್ರದ ಕಾಲದವರೆಗೂ ಒಡೆಯಲಿಲ್ಲ. ಐದನೆಯದರಿಂದ ಮೂವತ್ತೆರಡನೆಯದರವರೆಗಿನ ಫರ್ಮಾ ಸಂಖ್ಯೆಗಳಲ್ಲಿ ಒಂದೂ ಅವಿಭಾಜ್ಯವಲ್ಲ ಎಂಬುದು ಈಗ ಸಿದ್ಧಪಟ್ಟಿದೆ. ಫರ್ಮಾ ಹೆಸರಿಸಿದ ಮೊದಲ ಐದರ ಆಚೆಗೆ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಯಾರಿಗೂ ದೊರೆತಿಲ್ಲ.

4294967297ನ್ನು ಅದರ ನೆರೆಯ ಸಂಖ್ಯೆಗಳೊಡನೆ ಇಟ್ಟು ನೋಡುವುದೂ ಉಪಯುಕ್ತ. ಅದಕ್ಕಿಂತ ಎರಡು ಕಡಿಮೆಯಾದ 4294967295 ಎಂಬುದು ಹಿಂದಿನ ಐದೂ ಫರ್ಮಾ ಸಂಖ್ಯೆಗಳ ಗುಣಲಬ್ಧ:

3 × 5 × 17 × 257 × 65537 = 4294967295

ಆದ್ದರಿಂದ ಆ ಐದರಲ್ಲಿ ಯಾವುದರಿಂದ ಭಾಗಿಸಿದರೂ ನಮ್ಮ ಸಂಖ್ಯೆ 2ನ್ನು ಶೇಷವಾಗಿ ಉಳಿಸುತ್ತದೆ. 257ನ್ನು ಪರೀಕ್ಷಿಸದೆಯೇ ಬಿಡಬಹುದು ಎಂದು ಮೇಲೆ ಹೇಳಿದ್ದು ಇದಕ್ಕಾಗಿಯೇ. ಈ ಸಂಬಂಧ ಇಡೀ ಸಾಲಿಗೆ ಅನ್ವಯಿಸುವುದರಿಂದ ಯಾವ ಎರಡು ಫರ್ಮಾ ಸಂಖ್ಯೆಗಳಿಗೂ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲ. ಪ್ರತಿಯೊಂದೂ ಹೊಸ ಅವಿಭಾಜ್ಯಗಳನ್ನೇ ತರುತ್ತದೆ, ಹಾಗಾಗಿ ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂಬುದೂ ಇದರಿಂದಲೇ ಸಿದ್ಧವಾಗುತ್ತದೆ.

ಜ್ಯಾಮಿತಿಯಲ್ಲಿ ಈ ನೆರೆಹೊರೆಯವರ ನಡುವಿನ ಅಂತರ ಇನ್ನೂ ಎದ್ದು ಕಾಣುತ್ತದೆ. 1796ರಲ್ಲಿ ಗೌಸ್ 17 ಬಾಹುಗಳ ಸಮ ಬಹುಭುಜವನ್ನು ಅಳತೆಪಟ್ಟಿಯಲ್ಲದ ಬರಿಯ ಸರಳಪಟ್ಟಿ ಮತ್ತು ಕೈವಾರದಿಂದ ರಚಿಸಬಹುದೆಂದು ತೋರಿಸಿದ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು. ಇದು ಅನಿವಾರ್ಯ ನಿಬಂಧನೆ ಎಂಬುದರ ಸಾಧನೆಯನ್ನು ವಾಂಟ್ಸೆಲ್ 1837ರಲ್ಲಿ ಕೊಟ್ಟ. ಇದರಂತೆ 4294967295 ಬಾಹುಗಳ ಬಹುಭುಜವನ್ನು ತತ್ವಶಃ ರಚಿಸಬಹುದು. ಹೀಗೆ ರಚಿಸಬಹುದಾದ ಬೆಸಬಾಹುಗಳ ಬಹುಭುಜಗಳಲ್ಲಿ ನಮಗೆ ತಿಳಿದಿರುವ ಅತಿ ದೊಡ್ಡದು ಅದೇ. ಅದಕ್ಕಿಂತ ಎರಡೇ ಬಾಹು ಹೆಚ್ಚಿರುವ 4294967297 ಬಾಹುಗಳದ್ದನ್ನು ರಚಿಸಲು ಸಾಧ್ಯವೇ ಇಲ್ಲ.

ಗಣಕಯಂತ್ರಗಳ ಜಗತ್ತಿನಲ್ಲಿ 32 ಬಿಟ್‌ಗಳಲ್ಲಿ ಹಿಡಿಸುವ ಋಣವಲ್ಲದ ಪೂರ್ಣಾಂಕಗಳು ಸೊನ್ನೆಯಿಂದ 4294967295ರವರೆಗೆ. ಅದರಾಚೆಗೆ ಎಣಿಕೆ ಮತ್ತೆ ಸೊನ್ನೆಯಿಂದ ಆರಂಭವಾಗುತ್ತದೆ: 4294967296 ಎಂಬುದು 0 ಆಗಿ ಉಳಿಯುತ್ತದೆ, 4294967297 ಎಂಬುದು 1 ಆಗಿ. ಅಂದರೆ ಈ ಲೆಕ್ಕದಲ್ಲಿ 641 × 6700417 = 1. ಆಯ್ಲರ್ ಕಂಡ ಎರಡು ಅಪವರ್ತನಗಳು ಇಲ್ಲಿ ಒಂದಕ್ಕೊಂದು ವಿಲೋಮಗಳು! 641ರಿಂದ ಭಾಗಿಸುವುದರ ಬದಲು 6700417ರಿಂದ ಗುಣಿಸಿದರೆ ಸಾಕು. 641000ವನ್ನು ಹಾಗೆ ಗುಣಿಸಿ ಕೊನೆಯ 32 ಬಿಟ್‌ಗಳನ್ನಷ್ಟೇ ಉಳಿಸಿಕೊಂಡರೆ 1000 ಸಿಗುತ್ತದೆ. ಸಂಖ್ಯೆ 641ರಿಂದ ನಿಶ್ಶೇಷವಾಗಿ ಭಾಗವಾಗುವಾಗ ಮಾತ್ರ ಹೀಗೆ ಸಿಗುವ ಉತ್ತರ ನಿಜವಾದ ಭಾಗಲಬ್ಧವಾಗಿರುತ್ತದೆ, ಮತ್ತು ಆಗ ಅದು 6700416ನ್ನು ಮೀರುವುದಿಲ್ಲ. ಭಾಗವಾಗದ ಸಂಖ್ಯೆಗಳಿಗೆ ಬರುವ ಉತ್ತರ ಯಾವಾಗಲೂ ಅದಕ್ಕಿಂತ ದೊಡ್ಡದು: 642ಕ್ಕೆ ಬರುವುದು 6700418. ಹೀಗೆ ಒಂದು ಗುಣಾಕಾರ ಮತ್ತು ಒಂದು ಹೋಲಿಕೆಯಿಂದ, 32 ಬಿಟ್‌ಗಳ ಯಾವುದೇ ಸಂಖ್ಯೆ 641ರಿಂದ ಭಾಗವಾಗುತ್ತದೆಯೇ ಇಲ್ಲವೇ ಎಂಬುದನ್ನು, ಭಾಗಾಕಾರ ಮಾಡದೆಯೇ ಯಂತ್ರ ತೀರ್ಮಾನಿಸಬಲ್ಲದು.